ನೀರೊಳಗಿನ ಭಾನುವಾರ

ಹಾಸನದಿಂದ ಶೆಟ್ಟಿಹಳ್ಳಿಗೆ ಸುಮಾರು 20 ಕಿ.ಮೀ. ಮಳೆಗಾಲದಲ್ಲೂ ಮುಕ್ಕಾಲು ಗಂಟೆಯಲ್ಲಿ ತಲುಪಬಹುದು. ಆದರೆ 2022ರ ಆಗಸ್ಟ್ ತಿಂಗಳ ಆ ಭಾನುವಾರ ನಮಗೆ ಅರ್ಧ ದಿನವೇ ಹಿಡಿಯಿತು. ತಡವಾದದ್ದು ರಸ್ತೆಯಿಂದಲ್ಲ, ಒಬ್ಬ ಅಜ್ಜಿಯಿಂದ.

ಹಿಂದಿನ ರಾತ್ರಿ ಗಾಳಿಮಳೆ ಜೋರಾಗಿತ್ತು. ಎಲ್ಲೋ ಮರ ಬಿದ್ದು ದಾರಿ ಕಟ್ಟಿಹೋಗಿತ್ತು. ಆ ಊರಿಗೆ ವಾರಕ್ಕೊಮ್ಮೆ ಬಂದು ಪೂಜೆ ಮಾಡುವ ಗುರುಗಳು ಬರಲಾಗುವುದಿಲ್ಲ ಎಂದು ಬೆಳಿಗ್ಗೆ ಆರಕ್ಕೇ ಫೋನ್ ಬಂದಿತ್ತು. (ನಮ್ಮ ಸೀಮೆಯ ಕ್ಯಾಥೊಲಿಕ್ ಕ್ರೈಸ್ತರು ಭಾನುವಾರದ ಆರಾಧನೆಗೆ ‘ಪೂಜೆ’ ಎಂದೇ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ನನಗೂ ಆಶ್ಚರ್ಯವಾಗಿತ್ತು.) ಪೂಜೆ ಮುಗಿದ ಮೇಲೆ ಹೊರಡುವುದೆಂದು ಮಾತಾಗಿತ್ತು. ಪೂಜೆಯೇ ಇಲ್ಲವೆಂದ ಮೇಲೆ ಬೇಗ ಹೊರಡಬಹುದಲ್ಲ ಎಂದು ನನಗೆ ಒಳಗೊಳಗೇ ಸಂತೋಷ. “ಹಾಗಾದ್ರೆ ಈಗಲೇ ಹೊರಡೋಣವೇನಮ್ಮ?” ಎಂದು ಕೇಳಿದೆ.

ಅಜ್ಜಿ ಆಗಲೇ ಬಿಳಿ ಸೀರೆ ಉಟ್ಟು, ತಲೆ ಬಾಚಿ ಸಿದ್ಧವಾಗಿದ್ದರು. ನನ್ನನ್ನೊಮ್ಮೆ ನೋಡಿ, “ಸ್ವಾಮಿಗಳು ಬರಾಕಿಲ್ಲ ಅಂದ್ರೆ ಭಾನುವಾರಾನೂ ಬರಾಕಿಲ್ವಾ ಮೇಷ್ಟ್ರೇ?” ಎಂದರು.

ಅಲ್ಲಿಗೆ ಮಾತು ಮುಗಿಯಿತು. ಊರಿನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಒಂದಿಪ್ಪತ್ತು ಮಂದಿ ಸೇರಿದ್ದರು. ಉಪದೇಶಿಗಳೊಬ್ಬರು ಕನ್ನಡಕ ಏರಿಸಿಕೊಂಡು ಆ ದಿನಕ್ಕೆ ನಿಗದಿಯಾದ ಶುಭಸಂದೇಶದ ಭಾಗವನ್ನು ಓದಿದರು. ಪರಲೋಕ ಮಂತ್ರ ಹೇಳಿದರು. ಹೆಂಗಸರು ಎರಡು ಹಾಡು ಹಾಡಿದರು. ಮಳೆಯ ಸದ್ದಿನಲ್ಲಿ ಅರ್ಧ ನನಗೆ ಕೇಳಿಸಲಿಲ್ಲ. ಗುರುಗಳಿಲ್ಲದ್ದರಿಂದ ಬಲಿಪೂಜೆ ಇರಲಿಲ್ಲ, ಪರಮಪ್ರಸಾದವನ್ನೂ ಹಂಚಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಆಮೇಲೆ ಯಾರೂ ಮನೆಗೆ ಓಡಲಿಲ್ಲ. ಯಾರದೋ ಹಸು ಕರು ಹಾಕಿದ್ದು, ಇನ್ಯಾರಿಗೋ ಮಂಡಿ ನೋವು ಹೆಚ್ಚಾದದ್ದು, ಬಾಗಿಲಲ್ಲಿ ನಿಂತು ಎಲ್ಲದರ ವಿಚಾರಣೆಯಾಯಿತು. ನಾನು ಕೊನೆಯ ಬೆಂಚಿನಲ್ಲಿ, ನೀರು ಸುರಿಯುವ ಛತ್ರಿಯನ್ನು ಕಾಲಬಳಿ ಇಟ್ಟುಕೊಂಡು ಕುಳಿತಿದ್ದೆ.

ನಾನು ಕ್ರೈಸ್ತನಲ್ಲ. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಅಲ್ಲಿಗೆ ಹೇಗೆ ಬಂದು ಕುಳಿತೆ ಎಂಬುದನ್ನು ಹೇಳಬೇಕಾದರೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಇದನ್ನು ಓದುವವರಲ್ಲಿ ವಿದ್ಯಾರ್ಥಿಗಳೂ ಇರುತ್ತೀರಿ. ಇರಲಿ, ಮೇಷ್ಟ್ರುಗಳೂ ತಪ್ಪು ಮಾಡುತ್ತಾರೆ ಎಂದು ನಿಮಗೇನೂ ಹೊಸದಾಗಿ ತಿಳಿಯಬೇಕಿಲ್ಲ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಏಳೂವರೆಗೆ ವಿಶೇಷ ತರಗತಿ ನಡೆಸುವುದು ನನ್ನ ಬಹಳ ವರ್ಷಗಳ ಅಭ್ಯಾಸ. ಒಂದು ಪೈಸೆ ಫೀಸಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. 2019-20ರ ತಂಡದಲ್ಲಿ ಒಬ್ಬ ಹುಡುಗಿ ಭಾನುವಾರ ಮಾತ್ರ ಬರುತ್ತಿರಲಿಲ್ಲ. ಕೇಳಿದರೆ, “ಚರ್ಚಿಗೆ ಹೋಗಬೇಕು ಸಾರ್” ಎನ್ನುತ್ತಿದ್ದಳು. ಒಂದು ದಿನ ಇಡೀ ತರಗತಿಯ ಎದುರಿಗೆ, “ದೇವರು ಬಂದು ನಿನ್ನ ಪಬ್ಲಿಕ್ ಪರೀಕ್ಷೆ ಬರೆದುಕೊಡೋದಿಲ್ಲಮ್ಮ” ಎಂದುಬಿಟ್ಟೆ. ಮಕ್ಕಳು ನಕ್ಕರು. ಅವಳು ತಲೆ ತಗ್ಗಿಸಿದಳು. ಮುಂದಿನ ಭಾನುವಾರವೂ ಬರಲಿಲ್ಲ.

ಆಮೇಲೆ ಬಂದದ್ದು ಕೊರೋನಾ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನವೂ ಭಾನುವಾರವೇ. ಮೂರು ದಿನದಲ್ಲಿ ಇಡೀ ದೇಶಕ್ಕೆ ಬೀಗ ಬಿತ್ತು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಯಿತು. ದೇವಸ್ಥಾನ, ಮಸೀದಿ, ಚರ್ಚು ಎಲ್ಲವೂ ಮುಚ್ಚಿದವು. ಆ ವರ್ಷದ ಈಸ್ಟರ್ ಏಪ್ರಿಲ್ 12ರಂದು ಬಂದಾಗ ರೋಮಿನ ಸಂತ ಪೇತ್ರರ ದೇವಾಲಯದಲ್ಲೂ ಜನರಿರಲಿಲ್ಲ. ಅದಾದ ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು ಆ ಹುಡುಗಿಯ ಮನೆಗೆ ಫೋನ್ ಮಾಡಿದೆ. ಮೊಬೈಲಿನಲ್ಲಿ ಕಳಿಸಿದ್ದ ಪ್ರಶ್ನೆಪತ್ರಿಕೆಗೆ ಉಳಿದವರೆಲ್ಲ ಉತ್ತರ ಬರೆದಿದ್ದರು, ಅವಳೊಬ್ಬಳದು ಬಂದಿರಲಿಲ್ಲ. “ಸಾರ್, ಪ್ರಾರ್ಥನೇಲಿದ್ದೀವಿ, ಒಂಬತ್ತಕ್ಕೆ ನಾನೇ ಮಾಡ್ತೀನಿ” ಎಂದಳು. “ಚರ್ಚು ಮುಚ್ಚಿದೆಯಲ್ಲಮ್ಮ, ಇನ್ನೇನು ನೆಪ?” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು ಸಾರ್, ಚರ್ಚು ಮುಚ್ಚಿದೆ” ಎಂದಳು. ಅಷ್ಟೇ. ಆ ನಾಲ್ಕು ಶಬ್ದಗಳಲ್ಲಿ ಅವಳು ನನಗೆ ಏನೋ ಹೇಳಿದಳೆಂದು ಗೊತ್ತಾಯಿತು. ಏನು ಎಂದು ತಿಳಿಯಲು ಮತ್ತೊಂದು ವರ್ಷ ಬೇಕಾಯಿತು.

2021ರ ಎರಡನೇ ಅಲೆಯಲ್ಲಿ, ಮೇ ತಿಂಗಳಲ್ಲಿ, ಅವಳ ತಂದೆ ತೀರಿಕೊಂಡರು. ಆಗಲೂ ಲಾಕ್‌ಡೌನ್, ಆಗಲೂ ಚರ್ಚು ಮುಚ್ಚಿತ್ತು. ಮಣ್ಣಿಗೆ ಹೋದವರು ಬೆರಳೆಣಿಕೆಯ ಜನ. ಓಡಾಟ ಸಡಿಲವಾದ ಮೇಲೆ ನಾನು ಮಾತನಾಡಿಸಲು ಹೋದಾಗ ಹುಡುಗಿಯೇ ಹೇಳಿದಳು. ಸಾವಿನ ನಂತರದ ಮೊದಲ ಭಾನುವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ನಡುಮನೆ ಗುಡಿಸಿ ಚಾಪೆ ಹಾಸಿದರಂತೆ. ಹೋದದ್ದು ಅವರ ಹಿರಿಯ ಮಗ. ಮೊಮ್ಮಗಳಿಗೆ ಸಿಟ್ಟು. “ನಾನು ಕೂರಲ್ಲ, ಯಾರಿಗೋಸ್ಕರ ಕೂರಬೇಕು?” ಎಂದು ಕೋಣೆಯ ಬಾಗಿಲು ಹಾಕಿಕೊಂಡಳಂತೆ. ಅಜ್ಜಿ ಬಯ್ಯಲಿಲ್ಲ, ಕರೆಯಲೂ ಇಲ್ಲ. ಚಾಪೆಯ ಮೇಲೆ ಅವಳ ಜಾಗ ಬಿಟ್ಟು, ತಾನೂ ಸೊಸೆಯೂ ಕುಳಿತು ಜಪಸರ ಹೇಳಿ ಎದ್ದರು. ಎರಡನೆಯ ಭಾನುವಾರವೂ ಹಾಗೇ. ಮೂರನೆಯ ಭಾನುವಾರ ಹುಡುಗಿ ಬಂದು ಆ ಜಾಗದಲ್ಲಿ ಕುಳಿತಳು. “ಯಾಕೆ ಕೂತೆ ಅಂತ ಈಗಲೂ ಗೊತ್ತಿಲ್ಲ ಸಾರ್. ಜಾಗ ಖಾಲಿ ಇತ್ತು” ಎಂದಳು.

ಅಂದೇ ಅಜ್ಜಿ ಒಂದು ಮಾತು ಹೇಳಿದ್ದರು. ಅವರಿಗೆ ಮದುವೆಯಾದದ್ದು, ಈ ಮಗನಿಗೆ ಜ್ಞಾನಸ್ನಾನವಾದದ್ದು ಎರಡೂ ಶೆಟ್ಟಿಹಳ್ಳಿಯ ಹಳೆಯ ಚರ್ಚಿನಲ್ಲಿ. ಅದನ್ನು ಒಂದು ಸಲ ನೋಡಬೇಕು. ಕರೆದುಕೊಂಡು ಹೋಗುವ ಹೊಣೆ ನಾನು ಹೊತ್ತೆ. ಅದು ಕೈಗೂಡಿದ್ದು ಮರುವರ್ಷ.

ಶೆಟ್ಟಿಹಳ್ಳಿಯ ಚರ್ಚನ್ನು ಚಿತ್ರದಲ್ಲಿ ನೋಡದವರು ಕಡಿಮೆ. ಕ್ಯಾಲೆಂಡರುಗಳಲ್ಲಿ, ಸಿನಿಮಾ ಹಾಡುಗಳಲ್ಲಿ ಅದು ಬಂದಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಜಪಮಾಲೆ ಮಾತೆಯ ಹೆಸರಿನ ದೇವಾಲಯ. ಯುರೋಪಿನ ಗಾಥಿಕ್ ಶೈಲಿಯ ಚೂಪು ಕಮಾನುಗಳು, ಎತ್ತರದ ಇಟ್ಟಿಗೆ ಗೋಡೆಗಳು. ಈಗ ಚಾವಣಿ ಇಲ್ಲ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. (ಶಾಲಾ ಪಠ್ಯದ ಮೂಲಕ ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ಓದಿದವರಿಗೆ ಆ ಊರಿನ ಪರಿಚಯ ಹೇಳಬೇಕಿಲ್ಲ.) ಜಲಾಶಯದ ಹಿನ್ನೀರು ಇಲ್ಲಿಯ ಹೊಲಮನೆಗಳನ್ನು ನುಂಗಿತು. ಜನ ಬೇರೆ ಬೇರೆ ಕಡೆ ಹೋಗಿ ನೆಲೆಯಾದರು. ಚರ್ಚು ಮಾತ್ರ ಹೋಗಲಿಲ್ಲ, ಎಲ್ಲಿಗೆ ಹೋದೀತು? ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟ ಅಚ್ಚಾಗುತ್ತದಲ್ಲ, ಅದರಲ್ಲಿ ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ. ನೀರು ಆ ಅಂಕಿಯ ಹತ್ತಿರ ಬಂದಿದೆ ಎಂದರೆ ಚರ್ಚಿನ ಬಹುಭಾಗ ನೀರಿನೊಳಗಿದೆ ಎಂದು ಮನೆಯಲ್ಲೇ ಕುಳಿತು ಹೇಳಬಹುದು.

ನಾವು ಹೋದಾಗ ನೀರು ತುಂಬಿತ್ತು. ಕಮಾನುಗಳ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಬೆಳ್ಳಕ್ಕಿಗಳು ಗೋಡೆಯ ತುದಿಯಲ್ಲಿ ಸಾಲಾಗಿ ಕುಳಿತಿದ್ದವು. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆಯಿಂದ ಕಟ್ಟಿದ್ದಕ್ಕೇ ಇದು ಇಷ್ಟು ಕಾಲ ನಿಂತಿದೆ ಎಂದು ಅಲ್ಲಿಯ ಜನ ಹೇಳುತ್ತಾರೆ. ಹಳೆಯ ಕಟ್ಟಡಗಳಲ್ಲಿ ಸುಣ್ಣದ ಗಾರೆಗೆ ಅಂಥ ಪದಾರ್ಥ ಸೇರಿಸುತ್ತಿದ್ದದ್ದು ನಿಜ. ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಆದರೆ ವರ್ಷವರ್ಷವೂ ನೆನೆದು ಒಣಗುವುದನ್ನು ಯಾವ ಗೋಡೆಯೂ ಬಹುಕಾಲ ತಾಳುವುದಿಲ್ಲ. ನೀರಿನ ಜೊತೆ ಇಟ್ಟಿಗೆಯೊಳಕ್ಕೆ ಹೋದ ಲವಣ ಒಣಗುವಾಗ ಹರಳಾಗಿ ಹಿಗ್ಗುತ್ತದೆ, ಇಟ್ಟಿಗೆಯ ಮೈ ಪುಡಿಯಾಗುತ್ತದೆ. ಗೋಡೆಗಳು ಒಂದೊಂದು ಕಡೆ ಕುಸಿಯುತ್ತಲೇ ಬಂದಿವೆ. ಬೇಸಿಗೆಯಲ್ಲಿ ಹೋಗುವ ಹುಡುಗರು ಅದರ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ದಯವಿಟ್ಟು ಹತ್ತಬೇಡಿ. ಮಳೆಗಾಲದಲ್ಲಿ ನೀರಿಗಿಳಿಯುವುದಂತೂ ಬೇಡವೇ ಬೇಡ.

ದಡದ ಒದ್ದೆ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ ಅಜ್ಜಿಯನ್ನು ಕೂರಿಸಿದೆವು. ಬಹಳ ಹೊತ್ತು ಮಾತಿಲ್ಲ. ಆಮೇಲೆ ತಾವಾಗಿಯೇ ಹೇಳತೊಡಗಿದರು. ಊರು ಬಿಟ್ಟ ಮೇಲೆ ಅವರಿದ್ದ ಕಡೆ ಮೊದಮೊದಲು ಚರ್ಚೂ ಇಲ್ಲ, ಗಂಟೆಯೂ ಇಲ್ಲ. ಮನೆ ಎಬ್ಬಿಸಬೇಕು, ಕಾಡು ಕಡಿದು ಹೊಲ ಮಾಡಬೇಕು. ಕೆಲಸಕ್ಕೆ ವಾರವೇನು, ದಿನವೇನು. “ಎಲ್ಲ ದಿನಾನೂ ಒಂದೇ ತರಾ ಆಗೋಗಿತ್ತು ಮೇಷ್ಟ್ರೇ.” ಆಗ ಅವರ ಅತ್ತೆ ಸಂತೆಯ ದಿನದಿಂದ ಬೆರಳು ಮಡಿಸುತ್ತ ಭಾನುವಾರವನ್ನು ಹಿಡಿಯುತ್ತಿದ್ದರಂತೆ. ಆ ದಿನ ಬೆಳಿಗ್ಗೆ ನಾಲ್ಕಾರು ಮನೆಯವರು ಒಂದು ಮರದಡಿ ಸೇರಿ, ಚರ್ಚಿದ್ದ ದಿಕ್ಕಿಗೆ ಮುಖ ಮಾಡಿ ‘ನಮೋ ಮರಿಯಾ’ ಹೇಳುವುದು. ಒಮ್ಮೆ ಎಣಿಕೆ ತಪ್ಪಿ ಶನಿವಾರವೇ ಸೇರಿಬಿಟ್ಟರಂತೆ. ಅದು ಗೊತ್ತಾದ ಮೇಲೆ ಮರುದಿನ ಮತ್ತೆ ಸೇರಿದರು. ಇದನ್ನು ಹೇಳುತ್ತ ಅಜ್ಜಿ ನಕ್ಕರು. ನಾನೂ ನಕ್ಕೆ, ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು.

ವಿದ್ಯಾರ್ಥಿಗಳೇ, ಸ್ವಲ್ಪ ಯೋಚಿಸಿ. ದಿನ ಎಂಬುದಕ್ಕೆ ಭೂಮಿಯ ತಿರುಗಾಟ ಆಧಾರ. ತಿಂಗಳಿಗೆ ಚಂದ್ರ. ವರ್ಷಕ್ಕೆ ಭೂಮಿ ಸೂರ್ಯನನ್ನು ಸುತ್ತುವುದು. ವಾರಕ್ಕೆ? ಆಕಾಶದಲ್ಲಿ ಏಳು ದಿನಕ್ಕೊಮ್ಮೆ ನಡೆಯುವಂಥದ್ದು ಏನೂ ಇಲ್ಲ. ವಾರದ ಹೆಸರುಗಳು ಗ್ರಹಗಳಿಂದ ಬಂದಿರಬಹುದು, ಆದರೆ ಯಾವ ಗ್ರಹವೂ ವಾರವನ್ನು ಅಳೆದುಕೊಡುವುದಿಲ್ಲ. ಚಂದ್ರನ ಕಾಲುಭಾಗ ಎನ್ನೋಣವೆಂದರೆ 29.53 ದಿನವನ್ನು ನಾಲ್ಕರಿಂದ ಭಾಗಿಸಿ ನೋಡಿ, 7.38 ಬರುತ್ತದೆ, ಏಳಲ್ಲ. ತಿಂಗಳ ಲೆಕ್ಕ ತಪ್ಪಿದರೆ ಹುಣ್ಣಿಮೆ ನೋಡಿ ಸರಿಮಾಡಿಕೊಳ್ಳಬಹುದು. ವಾರದ ಲೆಕ್ಕ ತಪ್ಪಿದರೆ ಆಕಾಶ ಸಹಾಯಕ್ಕೆ ಬರುವುದಿಲ್ಲ. ಯಾರಾದರೂ ಬಿಡದೆ ಎಣಿಸಿಕೊಂಡು ಬಂದಿರಬೇಕು. 1582ರಲ್ಲಿ ಪಂಚಾಂಗ ತಿದ್ದಿದಾಗ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಕರೆದರು, ಹತ್ತು ತಾರೀಖುಗಳೇ ಹಾರಿಹೋದವು. ಆದರೆ 4 ಗುರುವಾರ, 15 ಶುಕ್ರವಾರ. ವಾರದ ಸರಪಳಿಯನ್ನು ಮುರಿಯುವ ಧೈರ್ಯ ಮಾಡಲಿಲ್ಲ.

ಧೈರ್ಯ ಮಾಡಿದವರು ಫ್ರೆಂಚ್ ಕ್ರಾಂತಿಕಾರರು. 1793ರಲ್ಲಿ ಏಳು ದಿನದ ವಾರವನ್ನೇ ರದ್ದು ಮಾಡಿ ಹತ್ತು ದಿನದ ‘ದೆಕಾದ್’ ತಂದರು. ಭಾನುವಾರ ಎಂಬುದೇ ಇಲ್ಲ. ಅನೇಕ ಚರ್ಚುಗಳಿಗೆ ಬೀಗ ಬಿತ್ತು, ಗುರುಗಳು ತಲೆಮರೆಸಿಕೊಂಡರು. ಹಾಗಿದ್ದರೂ ಕೆಲವು ಹಳ್ಳಿಗಳಲ್ಲಿ ಜನ ಹಳೆಯ ಲೆಕ್ಕದ ಭಾನುವಾರದಂದೇ ಸೇರಿ, ಗುರುಗಳಿಲ್ಲದೆ, ಪ್ರಸಾದವಿಲ್ಲದೆ ಪ್ರಾರ್ಥನೆ ನಡೆಸಿದರು. ಅದನ್ನು ‘ಬಿಳಿ ಪೂಜೆ’ ಎಂದು ಕರೆಯುತ್ತಿದ್ದರು. ಮುಂದೆ ನಿಂತು ಓದಿ ಹೇಳುತ್ತಿದ್ದವರು ಎಷ್ಟೋ ಕಡೆ ಊರಿನ ಶಾಲಾ ಮೇಷ್ಟ್ರುಗಳು! ಇದು ನನ್ನ ವೃತ್ತಿಬಾಂಧವರ ಕಥೆಯಾದ್ದರಿಂದ ಹೇಳಲೇಬೇಕೆನಿಸಿತು. ಹತ್ತು ದಿನದ ವಾರ ಬಾಳಲಿಲ್ಲ. 1802ರಲ್ಲಿ ಭಾನುವಾರ ಹಿಂದಿರುಗಿತು, 1806ರ ಹೊಸ ವರ್ಷಕ್ಕೆ ಆ ಪಂಚಾಂಗವೂ ಹೋಯಿತು. ಸೋವಿಯತ್ ರಷ್ಯಾ 1929ರಲ್ಲಿ ಐದು ದಿನದ ವಾರ, ಆಮೇಲೆ ಆರು ದಿನದ್ದು ಎಂದು ಪ್ರಯತ್ನಿಸಿ 1940ರಲ್ಲಿ ಕೈಬಿಟ್ಟಿತು.

ಈ ಫ್ರಾನ್ಸಿನ ಕಥೆಗೂ ನಮ್ಮ ಸೀಮೆಗೂ ನಂಟಿದೆ. ಕ್ರಾಂತಿಯ ಆ ದಿನಗಳಲ್ಲೇ, 1792ರಲ್ಲಿ, ದೇಶ ಬಿಟ್ಟು ಭಾರತಕ್ಕೆ ಬಂದ ಗುರು ಅಬ್ಬೆ ದುಬಾಯ್. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ, ಸೆರೆಯಲ್ಲಿ ಚರ್ಚು, ಪೂಜೆ ಎಲ್ಲವನ್ನೂ ಕಳೆದುಕೊಂಡಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಅವರನ್ನು ಮೈಸೂರು ಸೀಮೆಗೆ ಕರೆಸಲಾಯಿತು. ಅವರಿಗಾಗಿ ರೈತ ವಸತಿಗಳನ್ನು ಕಟ್ಟಿದರು. ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೂ ನಿಂತರು. ಜನ ‘ದೊಡ್ಡ ಸ್ವಾಮಿಯವರು’ ಎನ್ನುತ್ತಿದ್ದರಂತೆ. ತನ್ನ ದೇಶದಲ್ಲಿ ಭಾನುವಾರ ರದ್ದಾಗಿರುವಾಗ ಇಲ್ಲಿ ಬಂದು ಜನರ ಭಾನುವಾರವನ್ನು ಮತ್ತೆ ಎತ್ತಿ ನಿಲ್ಲಿಸಿದ ಮನುಷ್ಯ.

ಅವರು ಸೇರಿದ್ದ ಪ್ಯಾರಿಸ್ಸಿನ ಮಿಶನ್ ಸಂಘವೇ ಮುಂದೆ ಜಪಾನಿಗೂ ಗುರುಗಳನ್ನು ಕಳಿಸಿತು. ಶೆಟ್ಟಿಹಳ್ಳಿಯಲ್ಲಿ ಚರ್ಚು ಎದ್ದ ದಶಕದಲ್ಲೇ ಅಲ್ಲಿ ನಾಗಾಸಾಕಿಯ ಔರಾ ಚರ್ಚು ಎದ್ದಿತು. 1865ರ ಮಾರ್ಚ್ 17ರಂದು ಹತ್ತಿರದ ಹಳ್ಳಿಯ ಕೆಲವರು ಬಂದು, ಫಾದರ್ ಪೆಟಿಜಾನ್ ಅವರ ಬಳಿ ಪಿಸುಮಾತಿನಲ್ಲಿ ತಾವೂ ಕ್ರೈಸ್ತರೆಂದು ಹೇಳಿಕೊಂಡರು. ಕ್ರೈಸ್ತಧರ್ಮ ನಿಷೇಧವಾಗಿ ಇನ್ನೂರೈವತ್ತು ವರ್ಷ ಆಗಿತ್ತು. ಅಷ್ಟೂ ಕಾಲ ಗುರುಗಳಿಲ್ಲ, ಚರ್ಚಿಲ್ಲ, ಸಿಕ್ಕಿಬಿದ್ದರೆ ಮರಣದಂಡನೆ. ಅವರು ಉಳಿದದ್ದು ಹೇಗೆ? ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿ ದಾಟಿಸಿದರು, ಗುಟ್ಟಾಗಿ ಜ್ಞಾನಸ್ನಾನ ಕೊಟ್ಟರು. ಜೊತೆಗೆ ಗುಂಪಿನಲ್ಲಿ ಒಬ್ಬರಿಗೆ ಪಂಚಾಂಗ ಕಾಯುವುದೇ ಕೆಲಸವಾಗಿತ್ತು. 1634ರ ಒಂದು ಪಂಚಾಂಗವನ್ನಿಟ್ಟುಕೊಂಡು ಯಾವ ದಿನ ಕೆಲಸ ಮಾಡಬಾರದು, ಯಾವ ದಿನ ಪ್ರಾರ್ಥನೆ ಎಂದು ಆ ಮನುಷ್ಯ ಉಳಿದವರಿಗೆ ತಿಳಿಸುತ್ತಿದ್ದ. ಬೆರಳು ಮಡಿಸುತ್ತಿದ್ದ ಅಜ್ಜಿಯ ಅತ್ತೆಯವರು ನನಗೆ ನೆನಪಾಗುವುದು ಇಲ್ಲೇ.

ಭಾನುವಾರ ರಜೆಯಾದ್ದರಿಂದ ಕ್ರೈಸ್ತರು ಅಂದು ಚರ್ಚಿಗೆ ಹೋಗುತ್ತಾರೆ ಎಂದು ನಾನು ಬಹುಕಾಲ ನಂಬಿದ್ದೆ. ಇದ್ದದ್ದು ತಿರುಗುಮುರುಗು. ಯೇಸು ಸಾವನ್ನು ಗೆದ್ದು ಎದ್ದದ್ದು ವಾರದ ಮೊದಲ ದಿನ ಎಂಬುದು ಅವರ ನಂಬಿಕೆ, ಆದ್ದರಿಂದ ಆ ದಿನ ಸೇರುತ್ತಾರೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನವೆಂದು ಸಾರಿದ್ದು 321ರಲ್ಲಿ. ಅದಕ್ಕೆ ಮೊದಲು ಮುನ್ನೂರು ವರ್ಷದ ಹತ್ತಿರ ಅದು ದುಡಿಮೆಯ ದಿನವೇ. ಕೂಲಿಗಳು, ಗುಲಾಮರು ಬೆಳಗಾಗುವ ಮೊದಲೇ ಸೇರಿ ಪ್ರಾರ್ಥಿಸಿ ಕೆಲಸಕ್ಕೆ ಹೋಗುತ್ತಿದ್ದರು. ಕ್ರೈಸ್ತರು ಗೊತ್ತಾದ ಒಂದು ದಿನ ಸೂರ್ಯೋದಯಕ್ಕೆ ಮುಂಚೆ ಸೇರುತ್ತಾರೆಂದು ರೋಮಿನ ಅಧಿಕಾರಿ ಪ್ಲಿನಿ 112ರ ಸುಮಾರಿಗೆ ಚಕ್ರವರ್ತಿಗೆ ವರದಿ ಬರೆದಿದ್ದಾನೆ. ಗುರುಗಳು ಸಿಗದಿದ್ದರೆ ಏನು ಮಾಡಬೇಕೆಂದು ಕ್ಯಾಥೊಲಿಕ್ ಸಭೆಯ 1983ರ ನಿಯಮ ಸಂಹಿತೆಯಲ್ಲೂ ಇದೆಯಂತೆ: ವಾಚನ ಕೇಳಿ, ಇಲ್ಲವೇ ಮನೆಯವರು ಸೇರಿ ಪ್ರಾರ್ಥಿಸಿ ಎಂದು. ಹುಡುಗಿ ಹೇಳಿದಳು. ಅಜ್ಜಿಗೆ ಆ ಸಂಹಿತೆ ಗೊತ್ತಿಲ್ಲ.

ಹಾಗೆಂದು ಮನೆಯ ಪ್ರಾರ್ಥನೆಯೇ ಸಾಕು, ಚರ್ಚು ಬೇಕಿಲ್ಲ ಎನ್ನುವ ಮಾತನ್ನು ಅಜ್ಜಿ ಒಪ್ಪುವುದಿಲ್ಲ. ನಾನು ಕೇಳಿ ನೋಡಿದೆ. “ಪೂಜೆ ಪೂಜೇನೇ. ಹಸಿದಾಗ ಗಂಜಿ ಕುಡೀತೀವಿ, ಅದಕ್ಕೆ ಊಟ ಅಂತ ಹೆಸರಿಡಾಕಾಯ್ತದಾ?” ಎಂದರು. 2020ರ ಜೂನ್ 8ರಂದು ಚರ್ಚುಗಳು ಮತ್ತೆ ತೆರೆಯಬಹುದೆಂದಾದ ಮೇಲೆ, ಅರವತ್ತೈದು ದಾಟಿದವರು ಮನೆಯಲ್ಲೇ ಇರಿ ಎಂದು ಸರ್ಕಾರ ಹೇಳಿದ್ದಕ್ಕೆ ಅವರು ಅತ್ತಿದ್ದರಂತೆ. ಮಗ ಸತ್ತಾಗ ಎಲ್ಲರ ಎದುರು ಅಳದವರು.

ಮಧ್ಯಾಹ್ನ ಮಳೆ ಬಿಟ್ಟಿತು. ಹುಡುಗಿ ಡಬ್ಬಿ ಬಿಚ್ಚಿ ಚಿತ್ರಾನ್ನ ಬಡಿಸಿದಳು. ಅವಳು ಎಸ್ಸೆಸ್ಸೆಲ್ಸಿಯನ್ನು ಒಳ್ಳೆಯ ಅಂಕದಲ್ಲೇ ಮುಗಿಸಿ, ಪಿಯುಸಿ ದಾಟಿ, ಈಗ ನರ್ಸಿಂಗ್ ಸೇರುವವಳಿದ್ದಾಳೆ. “ಸಾರ್, ಈಗಲೂ ಭಾನುವಾರ ಕ್ಲಾಸ್ ಇದೆಯಾ?” ಎಂದು ಕೇಳಿದಳು. ಶನಿವಾರ ಮಧ್ಯಾಹ್ನಕ್ಕೆ ಬದಲಾಯಿಸಿದ್ದೇನೆ ಎಂದೆ. ಅವಳು ಏನೂ ಹೇಳಲಿಲ್ಲ, ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ಹೊರಡುವ ಮುಂಚೆ ಅಜ್ಜಿ ಮೊಮ್ಮಗಳ ಕೈ ಹಿಡಿದು ನೀರಿನ ಅಂಚಿಗೆ ಹೋದರು. ನಾನು ಹಿಂದೆಯೇ ನಿಂತೆ. “ಆ ಎರಡನೇ ಕಮಾನು ಕಾಣ್ತದಲ್ಲ, ಅದರ ಈಚೆ ಬಾಗ್ಲು. ಬಾಗ್ಲು ದಾಟಿ ಒಳಕ್ಕೋದ್ರೆ ಎಡಗಡೆ. ಅಲ್ಲೇ ನಿಮ್ಮಪ್ಪನ ತಲೆ ಮೇಲೆ ನೀರು ಹಾಕಿದ್ದು. ಬಾಳಾ ಅತ್ತಿದ್ದ” ಎಂದು ಬೆರಳು ತೋರಿಸಿದರು. ಬೆರಳು ತೋರಿಸಿದ ಕಡೆ ಇದ್ದದ್ದು ನೀರು ಮಾತ್ರ. ಅಜ್ಜಿ ಕಷ್ಟಪಟ್ಟು ಬಗ್ಗಿ, ಬೆರಳ ತುದಿ ಅದ್ದಿ, ತಮ್ಮ ಹಣೆಗೆ ಶಿಲುಬೆಯ ಗುರುತು ಮಾಡಿಕೊಂಡರು. ಮತ್ತೊಮ್ಮೆ ಅದ್ದಿ ಮೊಮ್ಮಗಳ ಹಣೆಗೆ ಹಚ್ಚಿದರು.

ಅಷ್ಟರಲ್ಲಿ ತೆಪ್ಪದಲ್ಲಿ ಬಲೆ ಎತ್ತಿಕೊಂಡು ಒಬ್ಬ ದಡಕ್ಕೆ ಬಂದ. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಮೀನು ಕೆ.ಜಿ. ಎಷ್ಟು ಎಂದು ಅವನೊಡನೆ ಚೌಕಾಸಿಗೆ ನಿಂತರು.